1997ರ ಎರಡನೇ ಆಟವನ್ನು ಬೋರ್ಡಿನ ಮೇಲೆ ಆಡಿ ನೋಡುವುದು ಹೇಗೆ

ಕಂಪ್ಯೂಟರ್ ಎದುರು ದೊಡ್ಡ ಆಟಗಾರರು ಹೇಗೆ ಸೋಲುತ್ತಾರೆ ಅಂತ ತಿಳಿಯಲು ಫಲಿತಾಂಶ ಓದಿದರೆ ಸಾಲದು, ಕಾಯಿ ನಡೆಸಿ ನೋಡಬೇಕು. ಭಾನುವಾರ ನನ್ನ ಮನೆಗೆ ಚೆಸ್ ಕಲಿಯಲು ಬರುವ ಮಕ್ಕಳಿಗೆ ನಾನು ಕೊಡುವುದು ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಮತ್ತು ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ 1997ರ ಮೇನಲ್ಲಿ ನ್ಯೂಯಾರ್ಕ್‌ನಲ್ಲಿ ಆಡಿದ ಎರಡನೇ ಆಟ. ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಕಾಸ್ಪರೋವ್ 4–2ರಿಂದ ಗೆದ್ದಿದ್ದರು. ಈ ಸಲ ಮೊದಲ ಆಟವೂ ಅವರದ್ದೇ.

ಆಟದ ನಡೆಗಳನ್ನು ಪ್ರಿಂಟ್ ಮಾಡಿಕೊಳ್ಳಿ. ಮುಂದಿನ ನಡೆ ಕಾಣದಂತೆ ಮೇಲೊಂದು ಹಾಳೆ ಇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಎರಡೂ ಕಡೆ 36 ನಡೆ ಆದ ಮೇಲೆ ನಿಲ್ಲಿಸಿ. ಬಿಳಿ ಕಾಯಿ ಡೀಪ್ ಬ್ಲೂದು. ನೀವಾಗಿದ್ದರೆ ಏನು ಆಡ್ತೀರಿ? ನನ್ನ ಹುಡುಗರು ಹೆಚ್ಚಾಗಿ ರಾಣಿಯನ್ನು ಬಿ6 ಚೌಕಕ್ಕೆ ಒಯ್ಯುತ್ತಾರೆ. ಪ್ಯಾದೆ ಸಿಗುತ್ತದೆ, ಯಾರಿಗೆ ಬೇಡ? ಯಂತ್ರಕ್ಕೂ ಪ್ಯಾದೆ ಅಂದರೆ ಆಸೆ ಅಂತಲೇ ಆಗ ಎಲ್ಲರೂ ನಂಬಿದ್ದರು. ಆದರೆ ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡುವ ಆ ಯಂತ್ರ ಸುಮ್ನೆ ಒಂಟೆಯನ್ನು ಇ4ರಲ್ಲಿ ತಂದಿಟ್ಟಿತು. ಕಪ್ಪು ಕಾಯಿಗಳು ಉಸಿರಾಡಬಹುದಾಗಿದ್ದ ದಾರಿ ಮುಚ್ಚಿಹೋಯಿತು. ಈ ನಡೆಯ ಮೇಲೆ ಅರ್ಧ ಗಂಟೆ ಕೂತರೂ ಜಾಸ್ತಿ ಅಲ್ಲ.

ನಂತರ 45ನೇ ನಡೆಗೆ ಬನ್ನಿ. ಬಿಳಿ ಆನೆ ಎ6ಕ್ಕೆ ಬಂದಿದೆ, ಕಾಸ್ಪರೋವ್ ಸೋಲೊಪ್ಪಿದ್ದಾರೆ. ನೀವು ಒಪ್ಪಬೇಡಿ. ಹತ್ತು ನಿಮಿಷ ಕಪ್ಪಿನ ಕಡೆ ಕೂತು, ರಾಣಿಯನ್ನು ಇ3ಕ್ಕೆ ಆಡಿ ಹುಡುಕಿ. ಚೆಕ್ ಮೇಲೆ ಚೆಕ್ ಕೊಟ್ಟು ಡ್ರಾ ಮಾಡುವ ದಾರಿ ಇತ್ತು ಅಂತ ಆಟ ಮುಗಿದ ಮೇಲಿನ ವಿಶ್ಲೇಷಣೆಯಲ್ಲಿ ಗೊತ್ತಾಯಿತು. ಒಂಟೆಯ ಅಂಥ ನಡೆ ಆಡಿದ ಯಂತ್ರ ಎಲ್ಲವನ್ನೂ ನೋಡಿಯೇ ಇರುತ್ತದೆ ಅಂತ ಕಾಸ್ಪರೋವ್ ನಂಬಿಬಿಟ್ಟರು, ನನಗಂತೂ ಹಾಗನಿಸುತ್ತದೆ. ಕೊನೆಗೆ ಸರಣಿ 3½–2½ರಿಂದ ಡೀಪ್ ಬ್ಲೂ ಪಾಲಾಯಿತು.

ಈಗ ಮೊಬೈಲ್ ತರಬಹುದು. ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶ ತೆರೆದು, ಅತ್ಯುತ್ತಮ ಅನಿಸುವ ಮೂರು ನಡೆಸಾಲು ತೋರಿಸುವಂತೆ ಇಡಿ. ಅದಕ್ಕೆ ಮೊದಲು ನಿಮ್ಮ ನಡೆ ನೋಟ್‌ಬುಕ್‌ನಲ್ಲಿ ಬರೆದಿರಲಿ, ಇಲ್ಲದಿದ್ದರೆ 'ನಾನೂ ಅದನ್ನೇ ಅಂದುಕೊಂಡಿದ್ದೆ' ಅನಿಸಿಬಿಡುತ್ತದೆ. ಯಾರು ಎಷ್ಟು ಮುಂದಿದ್ದಾರೆ ಅಂತ ಅದು ತೋರಿಸುವ ಅಂಕೆ ನೋಡಿ ಮುಚ್ಚಬೇಡಿ. ನಿಮ್ಮ ನಡೆಯನ್ನೇ ಆಡಿ, ಅದಕ್ಕೆ ಯಂತ್ರ ಏನು ಉತ್ತರ ಕೊಡುತ್ತದೆ ನೋಡಿ. ಕಲಿಯುವುದೆಲ್ಲ ಆ ಉತ್ತರದಲ್ಲೇ ಇದೆ.

ಮುಂದಿನ ವಾರಕ್ಕೆ 2006ರ ಬಾನ್ ಸರಣಿಯ ಎರಡನೇ ಆಟ. ಆ ಸರಣಿಯನ್ನು ಡೀಪ್ ಫ್ರಿಟ್ಜ್ ಎಂಬ ಚೆಸ್ ತಂತ್ರಾಂಶ ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ವಿರುದ್ಧ 4–2ರಿಂದ ಗೆದ್ದಿತು. ಬಿಳಿ ಕುದುರೆ ಎಫ್8ರಲ್ಲಿ ಕಾಯಿ ಹೊಡೆದ ಕೂಡಲೇ ನಿಲ್ಲಿಸಿ, ಮಗುವನ್ನು ಕಪ್ಪಿನ ಕಡೆ ಕೂರಿಸಿ. ಅಪಾಯ ಇದೆ ಅಂತ ಹೇಳಬೇಡಿ. ಕ್ರಾಮ್ನಿಕ್ ರಾಣಿ ಬದಲಾಯಿಸೋಣ ಅಂತ ತಮ್ಮ ರಾಣಿಯನ್ನು ಇ3ಕ್ಕೆ ಇಟ್ಟರು, ಮರು ನಡೆಯಲ್ಲೇ ಚೆಕ್‌ಮೇಟ್. ನನ್ನ ಹತ್ತಿರ ಬರುವ ಒಬ್ಬ ಹುಡುಗಿಯೂ ಅದನ್ನೇ ಆಡಿದಳು. ಬೋರ್ಡ್ ತಿರುಗಿಸಿ ಬಿಳಿಯ ಕಡೆ ಕೂರಿಸಿದೆ. ಅವಳ ಕೈ ತಾನಾಗಿ ರಾಣಿ ಎತ್ತಿ ಎಚ್7ಕ್ಕೆ ಹೋಯಿತು.