ಲೈನ್ ಮನೆಯಲ್ಲಿ ಕೂತು ಬರೆದ ವರದಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುವ ನಮಗೆ ಕಾಫಿ ಕುಯ್ಲು ಶುರುವಾದರೆ ಫೋನ್ ಜಾಸ್ತಿ. ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಹೊರಗಿನಿಂದ ಬಂದ ಕುಟುಂಬಗಳು ತುಂಬಿರುತ್ತವೆ. 'ಚಿಕ್ಕ ಹುಡುಗಿ ಹಣ್ಣು ಕುಯ್ತಿದ್ದಾಳೆ' ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುತ್ತಾರೆ. ಮೂಡಿಗೆರೆ ಕಡೆಯ ಒಂದು ತೋಟದಿಂದ ಹಾಗೇ ಒಂದು ಕರೆ ಬಂತು. ರಾಯಚೂರು ಕಡೆಯ ಕುಟುಂಬ. ಹುಡುಗಿ ಆರನೇ ಕ್ಲಾಸಿಗೆ ಬಿಟ್ಟಿದ್ದಳು.

24 ಗಂಟೆಯೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿದೆವು. ಸಮಿತಿ ಸದ್ಯಕ್ಕೆ ಬಾಲಮಂದಿರಕ್ಕೆ ಕಳಿಸಿ, ನನ್ನಿಂದ ಸಾಮಾಜಿಕ ತನಿಖಾ ವರದಿ ಕೇಳಿತು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಇದಕ್ಕೆ 15 ದಿನ. ಮಗು ಮನೆಗೆ ಹೋಗುತ್ತದಾ ಇಲ್ಲವಾ ಅನ್ನುವುದು ಬಹುಪಾಲು ಈ ವರದಿಯ ಕೈಯಲ್ಲಿರುತ್ತದೆ.

ಮನೆ ಭೇಟಿಗೆ ನಾನು ಸಂಜೆಯೇ ಹೋಗೋದು. ಹಗಲಲ್ಲಿ ಅಲ್ಲಿ ಯಾರೂ ಇರಲ್ಲ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಅಂಗನವಾಡಿ ಟೀಚರ್ ಜೊತೆ ನಡೆದು ಹೋದೆ. ತೋಟದ ಲೆಕ್ಕ ಬರೆಯುವ ರೈಟರ್ ಹಿಂದೆಯೇ ಬಂದರು. ಅವರು ನಿಂತಿದ್ದರೆ ಯಾರೂ ಬಾಯಿ ಬಿಡಲ್ಲ. ಹಾಜರಿ ಪುಸ್ತಕ ಕೇಳಿದೆ. ಅದನ್ನು ತರಲು ಅವರು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ನನಗೆ ಬೇಕಾದ ಮಾತು ಮುಗಿದಿತ್ತು. 'ಅಪ್ಪ ಅಮ್ಮನ ಜೊತೆ ಕುಯ್ದರೆ ಏನು ತಪ್ಪು ಮೇಡಂ?' ಅಂದರು ವಾಪಸ್ ಬಂದವರು. ಶಾಲೆ ಮುಗಿದ ಮೇಲೆ ಸ್ವಂತ ಮನೆಯ ಕೆಲಸದಲ್ಲಿ ಕೈಜೋಡಿಸಬಹುದು. ಇದು ಸಾಹುಕಾರರ ತೋಟ, 14 ವರ್ಷದೊಳಗಿನವರು ದುಡಿಯುವಂತಿಲ್ಲ. ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ, ಇರುವುದೂ ಇಲ್ಲ ಅನ್ನಿ. ಅವಳು ಕುಯ್ದ ಹಣ್ಣು ಅಮ್ಮನ ಕಿಲೋ ಲೆಕ್ಕಕ್ಕೆ ಸೇರುತ್ತಿತ್ತು.

ತಾಯಿ ಹೇಳಿದ್ದು ಬೇರೆಯೇ ಕಥೆ. ಮೂರು ವರ್ಷದ ಮಗನನ್ನು ನೋಡಿಕೊಳ್ಳಲು ಯಾರೂ ಇಲ್ಲ. ಹುಡುಗಿ ಅವನಿಗಾಗಿ ತೋಟಕ್ಕೆ ಬಂದಿದ್ದಳು, ಬಂದವಳು ಕುಯ್ಲಿಗೂ ಇಳಿದಳು. ಬಾಲಮಂದಿರದಲ್ಲಿ ನಾನು ಏನಾದರೂ ಕೇಳುವ ಮೊದಲೇ ಅವಳೇ ಕೇಳಿದ್ದಳು: 'ನಮ್ಮ ತಮ್ಮ ಅಳಾಕತ್ತಾನೇನ್ರಿ ಅಕ್ಕಾರ?' ಮಕ್ಕಳ ಹತ್ತಿರ 'ಹೊಡೀತಾರಾ?' ಅಂತ ನಾನು ಶುರು ಮಾಡಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀಯ ಹೇಳು ಅಂತೀನಿ. ಹೆದರಿಕೆ ಇದ್ದರೆ ಆ ದಿನಚರಿಯಲ್ಲೇ ಎಲ್ಲೋ ಮಾತು ತಡವರಿಸುತ್ತದೆ. ಇವಳದ್ದು ತಡವರಿಸಲಿಲ್ಲ.

ವರದಿಯಲ್ಲಿ 'ಪೋಷಕರು ಬೇಜವಾಬ್ದಾರಿ' ಅಂತ ಬರೆಯುವುದು ಸುಲಭ. ನಾನು ಕಂಡಿದ್ದನ್ನು ಬರೆದೆ. ಒಂದೇ ಕೋಣೆ. ಆದರೆ ಮಕ್ಕಳಿಗೆ ಬೇರೆ ಹೊದಿಕೆ ಇದೆ, ಚಿಕ್ಕವನ ಲಸಿಕೆ ತಾಯಿ ಕಾರ್ಡಿನಲ್ಲಿದೆ, ಪಕ್ಕದ ಮನೆಯವರು ಜಗಳದ ಮಾತು ಹೇಳಲಿಲ್ಲ. ಬಡವರು ಅನ್ನುವ ಕಾರಣಕ್ಕೆ ಮಗುವನ್ನು ಸಂಸ್ಥೆಯಲ್ಲಿ ಇಡಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಅಂತಲೇ ಹೇಳುತ್ತದೆ.

ತಮ್ಮ ಅಂಗನವಾಡಿಗೆ, ಅಕ್ಕ ಸರ್ಕಾರಿ ಶಾಲೆಗೆ. ಶಾಲೆಯಲ್ಲಿ ಟಿಸಿ ಕೇಳಿದರು. ಟಿಸಿ ಬರುವುದು ತಡ ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ ಅಲ್ವಾ. ಸಮಿತಿ ಪೋಷಕರಿಂದ ಮುಚ್ಚಳಿಕೆ ಬರೆಸಿಕೊಂಡು ಮಗಳನ್ನು ಮನೆಗೆ ಕಳಿಸಿತು. ತೋಟದವರ ವಿಚಾರ ಕಾರ್ಮಿಕ ಇಲಾಖೆಗೆ ಹೋಯಿತು.

ಕುಯ್ಲು ಮುಗಿದ ಮೇಲೆ ಅವರು ಊರಿಗೆ ಹೊರಟರು. ಫೈಲನ್ನು ಅಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಿ ಸುಮ್ನೆ ಕೂತರೆ ಅದು ಮೇಜಿನ ಮೇಲೇ ಮಲಗುತ್ತದೆ. ಆ ಊರಿನ ಅಂಗನವಾಡಿ ಟೀಚರ್ ನಂಬರ್ ಹುಡುಕಿ ನಾನೇ ಮಾತಾಡಿದೆ. ಮುಂದಿನ ಕುಯ್ಲಿಗೆ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬರ್ತೀವಿ ಅಂದಿದ್ದಾರಂತೆ. ನವೆಂಬರಿನಲ್ಲಿ ಫೋನ್ ಮಾಡಿ ಕೇಳಬೇಕು.