ಮಾರ್ಗರೇಟ್ ರಾಣಿ ಕಥೆನ ಕನ್ಫ್ಯೂಸ್ ಆಗ್ದೆ ಓದೋದು ಹೇಗೆ

ಫ್ರಾನ್ಸ್ ರಾಜ 7ನೇ ಲೂಯಿ ಮಗಳು ಮಾರ್ಗರೇಟ್ (1158–1197) ಬಗ್ಗೆ ಓದೋಕೆ ಕೂತ್ರೆ ಮೊದ್ಲು ಒಂದು ಹಾಳೆ ತಗೊಂಡು ವಂಶವೃಕ್ಷ ಬರ್ಕೊಳಿ, ಯಾಕಂದ್ರೆ ಮಾವ ಇಂಗ್ಲೆಂಡಿನ ರಾಜ 2ನೇ ಹೆನ್ರಿ, ಅವ್ನ ಮಗ, ಅಂದ್ರೆ ಇವಳ ಗಂಡನೂ ಹೆನ್ರಿ, ಸಾಲದ್ದಕ್ಕೆ ಅತ್ತೆ ಎಲಿನಾರ್ ಇವಳಪ್ಪನ ಮಾಜಿ ಹೆಂಡ್ತಿ! ಹೌದು, ಸರಿಯಾಗೇ ಓದಿದ್ರಿ.

ಆಮೇಲೆ ಮ್ಯಾಪ್ ತೆಗೀರಿ. ಪ್ಯಾರಿಸ್ಸಿಗೂ ರೂವಾನ್‌ಗೂ ಮಧ್ಯೆ ವೆಕ್ಸಿನ್ ಅಂತ ಒಂದು ಸೀಮೆ, ಝಿಸೋರ್ ಕೋಟೆ ಇರೋದು ಅಲ್ಲೇ, ಗುರುತು ಹಾಕಿ, ವರದಕ್ಷಿಣೆ ಅದೇ. ಮದ್ವೆ ಆಗೋವರೆಗೂ ಕೋಟೆಗಳು ಟೆಂಪ್ಲರ್‌ಗಳ (ಕತ್ತಿ ಹಿಡಿದ ಕ್ರೈಸ್ತ ಸನ್ಯಾಸಿಗಳ ಪಂಗಡ) ಕೈಲಿರ್ಲಿ ಅಂತ ಮಾತಾಗಿತ್ತು, ಆದ್ರೆ 1160ರಲ್ಲಿ ಲೂಯಿ ಹೆಂಡ್ತಿ ಹೆರಿಗೇಲಿ ತೀರ್ಕೊಂಡು ಅವ್ನು ಕೆಲವೇ ವಾರದಲ್ಲಿ ಇನ್ನೊಂದು ಮದ್ವೆ ಆದ, ಇತ್ಲಾಗೆ ಇಂಗ್ಲೆಂಡಿನ 2ನೇ ಹೆನ್ರಿ ತಡ ಮಾಡ್ದೆ ನವೆಂಬರ್‌ನಲ್ಲೇ ಮಕ್ಕಳ ಮದ್ವೆ ಮಾಡ್ಸಿ ಕೋಟೆ ಹೊಡ್ಕೊಂಡ. ಹುಡುಗನಿಗೆ 5, ಹುಡುಗೀಗೆ 2 ವರ್ಷ, ತೊದಲು ಮಾತಾಡೋ ಮದುಮಗಳು.

ಇಸವಿ ಜಾಸ್ತಿ ಉರು ಹೊಡೀಬೇಡಿ. 1177ರಲ್ಲಿ ಗಂಡು ಮಗು ಹುಟ್ಟಿ ಮೂರೇ ದಿನಕ್ಕೆ ಹೋಯ್ತು, 1183ರಲ್ಲಿ ಗಂಡ, 1186ರಲ್ಲಿ ಹಂಗೇರಿ ರಾಜ 3ನೇ ಬೇಲಾ ಜೊತೆ ಎರಡನೇ ಮದ್ವೆ. ಅವ್ನೂ 1196ರಲ್ಲಿ ಸತ್ತ ಮೇಲೆ ತವರಿಗೆ ಹೋಗಿ ಕೂರ್ಲಿಲ್ಲ, ಪ್ಯಾಲೆಸ್ಟೈನ್ ಕಡೆ ಯಾತ್ರೆ ಹೊರಟ್ಳು, ಅಲ್ಲಿ ತಲುಪಿದ ಸ್ವಲ್ಪ ದಿನಕ್ಕೇ ತೀರ್ಕೊಂಡ್ಳು, ಟೈರ್ ಅನ್ನೋ ಊರಲ್ಲಿ (ಈಗಿನ ಲೆಬನಾನ್) ಸಮಾಧಿ ಆಯ್ತು.