ಯಂತ್ರದ ಅಳತೆಯಿಂದ ಚಕ್ರದ ದುರಸ್ತಿಯವರೆಗೆ: ನನ್ನ ಅನುಭವ

ರೈಲು ಡಿಪೊದಲ್ಲಿ ಸ್ವಯಂಚಾಲಿತ ತಪಾಸಣೆಯನ್ನು ದಿನನಿತ್ಯದ ದುರಸ್ತಿಗೆ ಜೋಡಿಸುವ ಹೊಣೆ ನನ್ನದು. ಡಿಪೊದ ಬಾಗಿಲಲ್ಲಿ ಲೇಸರ್‌ಗಳು ಚಕ್ರದ ಆಕಾರವನ್ನೂ ಕ್ಯಾಮೆರಾಗಳು ಬ್ರೇಕ್ ಪ್ಯಾಡ್‌ಗಳ ದಪ್ಪವನ್ನೂ ಅಳೆಯುತ್ತವೆ. ಚಕ್ರಗಳು ಹಳಿಯನ್ನು ಬಡಿಯುವ ಬಲವನ್ನು ಅಳೆಯುವ ಸೆನ್ಸರ್‌ಗಳು ಮಾತ್ರ ದೂರದಲ್ಲಿ, ರೈಲು ವೇಗವಾಗಿ ಓಡುವ ಕಡೆ ಇವೆ. ನಿಧಾನಗತಿಯಲ್ಲಿ ಆ ಬಡಿತ ಸರಿಯಾಗಿ ಸಿಗುವುದಿಲ್ಲ.

ನಾನು ಹೆಚ್ಚು ಶ್ರಮ ಹಾಕಿದ್ದು ಚಕ್ರಗಳ ಗುರುತಿನ ಮೇಲೆ. 'ಐದನೆಯ ಆಕ್ಸಲ್, ಎಡ ಚಕ್ರ' ಎಂದು ಯಂತ್ರ ಹೇಳುತ್ತದೆ. ಆದರೆ ಕೋಚ್ ತಿರುಗಿ ಬಂದರೆ ಎಡವೇ ಬಲ. ಆದ್ದರಿಂದ ಯಾವ ತುದಿ ಮುಂದಿದೆ ಎಂಬುದು ತಿಳಿಯುವಂತೆ ಕೋಚ್‌ನ ಎರಡೂ ಬದಿಗೆ ರೇಡಿಯೊ ಟ್ಯಾಗ್ ಹಾಕಿದೆವು. ಚಕ್ರದ ಜೋಡಿ ಬದಲಾದರೆ ಹೊಸದರ ಸಂಖ್ಯೆ ನಮೂದಾಗದೆ ಕೆಲಸದ ಚೀಟಿ ಮುಗಿಯುವುದಿಲ್ಲ. ಇಷ್ಟಾಗದಿದ್ದರೆ ಹಳೆಯ ಚಕ್ರದ ಸವೆತ ಹೊಸದರ ಲೆಕ್ಕಕ್ಕೆ ಸೇರುತ್ತದೆ.

ಅಳತೆ ಮಿತಿ ದಾಟಿತೇ ಎಂದು ಮಾತ್ರ ನೋಡುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಚಕ್ರ ಹಳಿ ತಪ್ಪದಂತೆ ತಡೆಯುವ ಅಂಚು, ಅಂದರೆ ಫ್ಲ್ಯಾಂಜ್, ತೆಳುವಾದ ಮೇಲೆ ಅದರ ದಪ್ಪವನ್ನು ಮರಳಿ ಪಡೆಯಲು ಲೇತ್‌ನಲ್ಲಿ (ಲೋಹ ಕಡೆಯುವ ಯಂತ್ರ) ಚಕ್ರದ ವ್ಯಾಸವನ್ನೇ ಬಹಳಷ್ಟು ಕಳೆಯಬೇಕು. ಅದೇ ಆಕ್ಸಲ್‌ನ ಇನ್ನೊಂದು ಚಕ್ರ ಚೆನ್ನಾಗಿದ್ದರೂ ಅದನ್ನೂ ಅಷ್ಟೇ ವ್ಯಾಸಕ್ಕೆ ಇಳಿಸಬೇಕು. ಓಡಿದ ಕಿಲೋಮೀಟರ್‌ಗೆ ತಕ್ಕಂತೆ ಸವೆತದ ರೇಖೆ ಎಳೆದು, ಅದು ಕಡಿದಾಗುವ ಮುನ್ನವೇ ತೆಳುವಾಗಿ ಕಡೆದರೆ ಚಕ್ರದ ಆಯುಷ್ಯ ಹೆಚ್ಚುತ್ತದೆ. ಒಂದೇ ಬೋಗಿಯಲ್ಲಿ (ಕೋಚ್‌ನ ಕೆಳಗೆ ಚಕ್ರಗಳನ್ನು ಹೊತ್ತ ಚೌಕಟ್ಟು) ಕರ್ಣಾಕಾರವಾಗಿ ಎದುರಾದ ಎರಡು ಚಕ್ರಗಳು ಬೇಗ ಸವೆಯುತ್ತಿದ್ದರೆ ನಾನು ಚಕ್ರಕ್ಕಿಂತ ಮೊದಲು ಆಕ್ಸಲ್‌ಗಳ ಜೋಡಣೆಯನ್ನು ಪರೀಕ್ಷಿಸಲು ಹೇಳುತ್ತೇನೆ.

ಬಡಿತದ ಎಚ್ಚರಿಕೆಯಲ್ಲೂ ಹೀಗೆಯೇ. ಬ್ರೇಕ್ ಹಿಡಿದು ಚಕ್ರ ಜಾರಿದಾಗ ಒಂದು ಜಾಗ ಚಪ್ಪಟೆಯಾಗುತ್ತದೆ. ಕಾದು ಥಟ್ಟನೆ ತಣಿದ ಆ ಉಕ್ಕು ಗಡುಸಾಗಿ ಮುಂದೆ ಚಕ್ಕೆ ಏಳುತ್ತದೆ. ಅದೇ ಕೋಚ್‌ನಿಂದ ಮತ್ತೆ ಮತ್ತೆ ಎಚ್ಚರಿಕೆ ಬಂದರೆ ಚಕ್ರ ಕಡೆಯುವುದಷ್ಟೇ ಸಾಲದು, ಜಾರುವಿಕೆ ತಡೆಯುವ ವ್ಯವಸ್ಥೆಯನ್ನೂ ಬಿಚ್ಚಿ ನೋಡಬೇಕು.

ಬೇರಿಂಗ್‌ನ ಬಿಸಿಯನ್ನು ಅದೇ ರೈಲಿನ ಅದೇ ಬದಿಯ ಇತರ ಬೇರಿಂಗ್‌ಗಳೊಂದಿಗೆ ಹೋಲಿಸುತ್ತೇವೆ, ಏಕೆಂದರೆ ಬಿಸಿಲು ಬಿದ್ದ ಬದಿ ಹೇಗೂ ಕಾದಿರುತ್ತದೆ.

ಪ್ರತಿ ಎಚ್ಚರಿಕೆಗೂ ಫಿಟ್ಟರ್ ತಾನು ಕಂಡದ್ದನ್ನು ಬರೆಯುತ್ತಾರೆ, 'ದೋಷವಿಲ್ಲ' ಎಂಬುದನ್ನೂ. ಆ ಬರಹಗಳಿಂದಲೇ ಎಚ್ಚರಿಕೆಯ ಮಟ್ಟಗಳನ್ನು ತಿದ್ದಿದೆವು. ಲೆನ್ಸ್ ಮೇಲಿನ ಧೂಳು ಪತ್ತೆಯಾದದ್ದೂ ಅವುಗಳಿಂದಲೇ. ಆಕ್ಸಲ್‌ನೊಳಗಿನ ಬಿರುಕು ಮಾತ್ರ ಈ ಯಾವ ಕ್ಯಾಮೆರಾಕ್ಕೂ ಕಾಣದು. ಅದಕ್ಕೆ ಅಲ್ಟ್ರಾಸಾನಿಕ್ ಪರೀಕ್ಷೆಯನ್ನು ಮೊದಲಿನ ವೇಳಾಪಟ್ಟಿಯಂತೆಯೇ ನಡೆಸುತ್ತಿದ್ದೇವೆ.